ಕುಂಚವನ್ನು ದೇವರಿಗೆ ಒಪ್ಪಿಸಿದ ಸಹೋದರ ಮೊಸ್ಕೇನಿ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯವರಾದ ನಿಮಗೆ ಬಣ್ಣದ ಕೆಲಸ ಹೊಸದಲ್ಲ. ಗೋಕಾಕದ ಕುಶಲಕರ್ಮಿಗಳು ಕಟ್ಟಿಗೆಯಲ್ಲಿ ಮಾಡಿ ಬಣ್ಣ ಹಚ್ಚಿದ ಹಣ್ಣುಗಳನ್ನು ನಿಜವೆಂದೇ ತಿಳಿದು ಮಕ್ಕಳು ಕೈಚಾಚುವುದುಂಟು. ಆದರೂ ನಮ್ಮ ಮನೆಯ ಮಗು ಪಾಠ ಬಿಟ್ಟು ಚಿತ್ರ ಬಿಡಿಸಲು ಕುಳಿತರೆ, ಇದರಿಂದ ಹೊಟ್ಟೆ ತುಂಬುವುದೇ ಎಂದು ಗದರಿಸುತ್ತೇವೆ. ಹಾಗೆ ಗದರಿಸುವ ಮುನ್ನ ಒಬ್ಬ ಚಿತ್ರಕಾರರ ಬಾಳನ್ನು ನೆನೆಯೋಣ.

ಅಂತೋನಿಯೊ ಮೊಸ್ಕೇನಿ 1854ರ ಜನವರಿಯಲ್ಲಿ ಇಟಲಿಯ ಬೆರ್ಗಮೊ ನಗರದ ಬಳಿಯ ಸ್ಟೆಜ್ಜಾನೊ ಎಂಬ ಊರಿನಲ್ಲಿ ಹುಟ್ಟಿದರು. ಬೆರ್ಗಮೊದ ಕರಾರ ಕಲಾಶಾಲೆಯಲ್ಲಿ ಕಲಿತು, ರೋಮಿಗೆ ಹೋಗಿ ವ್ಯಾಟಿಕನ್ನಿನ ಮಹಾ ಚಿತ್ರಗಳನ್ನು ಅಭ್ಯಾಸ ಮಾಡಿದರು. ಕಲಾವಿದರಾಗಿ ಹೆಸರು ಬರುತ್ತಿದ್ದ ಕಾಲದಲ್ಲಿ, 1889ರಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ ಯೇಸುಸಭೆಯನ್ನು ಸೇರಿದರು. ಗುರುಗಳಾಗಲಿಲ್ಲ, ಸಹೋದರರಾಗಿಯೇ ಉಳಿದರು. ಲೋಕದ ಹೆಸರನ್ನು ಬಿಟ್ಟು ಬಂದರು. ಕುಂಚ ಮಾತ್ರ ಅವರನ್ನು ಬಿಡಲಿಲ್ಲ.

ಮಂಗಳೂರಿಗೆ ಬಂದ ಅವರು 1899ರಿಂದ 1901ರವರೆಗೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ, ಕಮಾನು, ಛಾವಣಿಗಳನ್ನು ಚಿತ್ರಗಳಿಂದ ತುಂಬಿದರು. ಛಾವಣಿಗೆ ಬಟ್ಟೆಯ ಮೇಲೆ ಎಣ್ಣೆಬಣ್ಣ, ಗೋಡೆಗೆ ಹಸಿ ಗಾರೆಯ ಮೇಲೆ ಬಣ್ಣ. ಗಾರೆ ಒಣಗುವ ಮೊದಲೇ ಚಿತ್ರ ಮುಗಿಯಬೇಕು. ಆಗ ಬಣ್ಣ ಸುಣ್ಣದೊಡನೆ ಒಂದಾಗಿ ಗಟ್ಟಿಯಾಗುತ್ತದೆ.

ಆಗ ನೀವು ಆ ಅಟ್ಟಣಿಗೆಯ ಕೆಳಗೆ ನಿಂತು ಅವರನ್ನು ಮಾತನಾಡಿಸಿದ್ದರೆ? ಹೆಸರು ಬಿಟ್ಟು ಬಂದದ್ದಕ್ಕೆ ದುಃಖವಿಲ್ಲವೇ ಎಂದು ನೀವು ಕೇಳುತ್ತಿದ್ದಿರಿ. ಅವರು ಬಹುಶಃ ಏನೂ ಹೇಳದೆ ತಮ್ಮದೇ ಒಂದು ಚಿತ್ರವನ್ನು ತೋರಿಸುತ್ತಿದ್ದರು. ಅಲ್ಲಿ ಸಂತ ಅಲೋಶಿಯಸರು ರೋಮಿನ ಪ್ಲೇಗ್ ರೋಗಿಗಳ ಸೇವೆ ಮಾಡುತ್ತಿದ್ದಾರೆ. ದೊಡ್ಡ ಮನೆತನದ ಹಕ್ಕನ್ನೇ ತಮ್ಮನಿಗೆ ಬಿಟ್ಟುಕೊಟ್ಟ ಆ ತರುಣ, ಆ ಸೇವೆಯಲ್ಲೇ ರೋಗ ತಗಲಿ 1591ರಲ್ಲಿ 23ನೆಯ ವಯಸ್ಸಿಗೆ ತೀರಿಕೊಂಡರು. ಇಷ್ಟು ಅವಸರವೇಕೆ ಎಂದು ಕೇಳಿದ್ದರೆ, ಗಾರೆ ಒಣಗುತ್ತಿದೆ ಎಂದಷ್ಟೇ ಹೇಳಿ ಮತ್ತೆ ಗೋಡೆಯ ಕಡೆ ತಿರುಗುತ್ತಿದ್ದರೇನೋ.

ಅವರ ಬಾಳಿನ ಗಾರೆಯೂ ಬೇಗ ಒಣಗಿತು. ಕೊಚ್ಚಿಯ ಸಾಂತಾ ಕ್ರೂಜ್ ಪ್ರಧಾನಾಲಯದ ಚಿತ್ರಕಾರ್ಯದಲ್ಲಿದ್ದಾಗ ಕಾಯಿಲೆ ಬಿದ್ದು, 1905ರ ನವೆಂಬರಿನಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ 51 ವರ್ಷ. ಮಂಗಳೂರಿನ ಚಿತ್ರಗಳನ್ನು 1990ರ ದಶಕದಲ್ಲಿ ತಜ್ಞರು ಶುದ್ಧಿಮಾಡಿ ಸರಿಪಡಿಸಿದರು. ನೂರಿಪ್ಪತ್ತು ವರ್ಷ ಕಳೆದರೂ ಜನ ಅಲ್ಲಿ ತಲೆಯೆತ್ತಿ ನೋಡುತ್ತಾರೆ, ಮೊಣಕಾಲೂರಿ ಪ್ರಾರ್ಥಿಸುತ್ತಾರೆ.

ತಾಯಂದಿರೇ, ತಂದೆಯರೇ, ನಿಮ್ಮ ಮಗುವಿನ ಕೈಯಲ್ಲಿರುವ ಬಳಪ ದೇವರು ಕೊಟ್ಟ ವರವಿರಬಹುದು. ಪಾಠವನ್ನೂ ಓದಿಸಿ, ಚಿತ್ರವನ್ನೂ ಬಿಡಿಸಲು ಬಿಡಿ. ಈ ಬರುವ ಕ್ರಿಸ್ಮಸ್ಸಿಗೆ ಮನೆಯ ಗೋದಲಿಗೆ ಹಿನ್ನೆಲೆಯ ಚಿತ್ರವನ್ನು ಆ ಮಗುವೇ ಬರೆಯಲಿ. ಗಾರೆ ಇನ್ನೂ ಹಸಿಯಾಗಿದೆ.