ದಿವಾನ್ ಪೂರ್ಣಯ್ಯನ ಆಡಳಿತವೂ ನ್ಯಾಯವೂ

ಐಗುಪ್ತದ ಅರಸನ ಕೆಳಗೆ ಯೋಸೇಫನು ದೇಶದ ಕಾರ್ಯವನ್ನೆಲ್ಲಾ ನಡಿಸಿದ ಸಂಗತಿಯನ್ನು ನಮ್ಮ ಸಭೆಗಳ ಚಿಕ್ಕ ಮಕ್ಕಳೂ ಬಲ್ಲರು. ಭಂಡಿಗಡಿ, ಕೊಪ್ಪಗಳು ಸೇರಿದ್ದ ಮೈಸೂರು ರಾಜ್ಯದಲ್ಲಿಯೂ ಅರಸನಿಗೆ ಬದಲಾಗಿ ರಾಜ್ಯಭಾರವನ್ನು ಹೊತ್ತ ಮಂತ್ರಿಯೊಬ್ಬನಿದ್ದನು. ಆತನೇ ದಿವಾನ್ ಪೂರ್ಣಯ್ಯನು.

ತಂದೆಯನ್ನು ಬಾಲ್ಯದಲ್ಲಿಯೇ ಕಳಕೊಂಡ ಈ ಬ್ರಾಹ್ಮಣ ಹುಡುಗನು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆದು ಹೊಟ್ಟೆ ಹೊರೆದನು. ಲೆಕ್ಕದ ಜಾಣತನವೇ ಆತನನ್ನು ಹೈದರಾಲಿಯ ಕಚೇರಿಗೆ ಸೇರಿಸಿತು. 1782ರ ದಶಂಬರದಲ್ಲಿ ಹೈದರನು ಪಾಳೆಯದಲ್ಲಿಯೇ ತೀರಿಹೋದಾಗ ಮಗನಾದ ಟಿಪ್ಪುವು ದೂರದ ಮಲೆಯಾಳ ಸೀಮೆಯಲ್ಲಿದ್ದನು. ಅವನು ಬರುವ ತನಕ ಪೂರ್ಣಯ್ಯನೂ ಬೇರೆ ಅಧಿಕಾರಿಗಳೂ ಆ ಮರಣವನ್ನು ಗುಟ್ಟಾಗಿಟ್ಟು, ದಂಡು ಚದರದಂತೆ ಕಾಪಾಡಿದರು.

1799ನೇ ಮೇ 4ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪುವು ಹತನಾದನು. ಜೂನ್ 30ರಲ್ಲಿ, ಐದು ವರುಷ ಇನ್ನೂ ತುಂಬದಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು. ಕೂಸಿನ ರಾಜ್ಯವನ್ನು ನಡಿಸುವ ಭಾರವು ಪೂರ್ಣಯ್ಯನ ಮೇಲೆ ಬಿತ್ತು. ವರುಷಕ್ಕೆ ಏಳು ಲಕ್ಷ ವರಹಗಳನ್ನು ಕುಂಪಣಿಯವರಿಗೆ ಸಲ್ಲಿಸಬೇಕಾಗಿತ್ತು. ಪೂರ್ಣಯ್ಯನು ಕರ್ನಲ್ ಬ್ಯಾರಿ ಕ್ಲೋಸ್ ಎಂಬ ರೆಸಿಡೆಂಟನ ಕಾಲದಲ್ಲಿ ಆಡಳಿತವನ್ನು ಖಜಾನೆ, ಕಂದಾಯ, ಕಂದಾಚಾರ ಎಂಬ ಮೂರು ಇಲಾಖೆಗಳಾಗಿ ವಿಂಗಡಿಸಿದನು. ಹಾಳುಬಿದ್ದ ಕೆರೆಕಾಲುವೆಗಳನ್ನು ದುರಸ್ತು ಮಾಡಿಸಿದನು. 1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಆತನು ಕಟ್ಟಿಸಿದ ಕಲ್ಲುಕಂಬದ ಸೇತುವೆಯು ಈಗಲೂ ನಿಂತಿದೆ.

ನ್ಯಾಯಸ್ಥಾನದಲ್ಲಿ ಇಬ್ಬರು ಬಕ್ಷಿಗಳು ತೀರ್ಪುಗಾರರಾಗಿದ್ದರು. ಅವರ ಸಂಗಡ ಶಿರಸ್ತೆದಾರರು, ಮರ್ಯಾದಸ್ಥರಾದ ಪಂಚಾಯಿತರು, ಧರ್ಮಶಾಸ್ತ್ರವನ್ನು ತಿಳಿಸುವದಕ್ಕೆ ಒಬ್ಬ ಪಂಡಿತನು, ಮುಸಲ್ಮಾನರ ಶಾಸ್ತ್ರಕ್ಕೆ ಒಬ್ಬ ಖಾಜಿ ಇದ್ದರು. ಹೀಗೆ ಒಬ್ಬನ ಮನಸ್ಸಿನಂತೆಯೇ ತೀರ್ಪು ಆಗದ ಹಾಗೆ ಕಟ್ಟುಮಾಡಿದ್ದು ಒಳ್ಳೇದೇ. ಆದರೆ ತಾಲೂಕುಗಳಲ್ಲಿ ಕಂದಾಯ ಎತ್ತುವ ಅಮಿಲ್ದಾರನೇ ವ್ಯಾಜ್ಯಗಳನ್ನೂ ಕೇಳುತ್ತಿದ್ದನು. ಕಂದಾಯದಲ್ಲಿಯೇ ಅನ್ಯಾಯವಾದರೆ ಬಡ ರೈತನು ಯಾರ ಬಾಗಿಲಿಗೆ ಹೋಗಬೇಕು? ಮೇಲೆ ದಿವಾನನ ಕಣ್ಣು ಇದ್ದದರಿಂದ ಅಮಿಲ್ದಾರರು ಹೆದರಿ ನಡೆದರು. ಆ ಹೆದರಿಕೆಗೆ ಬೇರೆ ಆಧಾರವಿರಲಿಲ್ಲ.

1811ರಲ್ಲಿ, ಪ್ರಾಯಕ್ಕೆ ಬಂದ ಅರಸರಿಗೆ ಪೂರ್ಣಯ್ಯನು ಅಧಿಕಾರವನ್ನು ಬಿಟ್ಟುಕೊಡಬೇಕಾಯಿತು. ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕು ಕೂಡಿಸಿಟ್ಟಿದ್ದನೆಂದು ಚರಿತ್ರೆಗಾರರು ಬರೆದಿದ್ದಾರೆ. ಮಾರನೇ ವರುಷ, 1812ರ ಮಾರ್ಚಿಯಲ್ಲಿ, ಆತನು ಶ್ರೀರಂಗಪಟ್ಟಣದಲ್ಲಿ ತೀರಿಕೊಂಡನು. ತರುವಾಯ ಕಾಲಕ್ರಮದಲ್ಲಿ ಆ ಹಣವು ಕರಗಿತು. ಕಂದಾಯವನ್ನು ಗುತ್ತಿಗೆಗೆ ಕೊಟ್ಟದರಿಂದ ಪ್ರಜೆಗಳು ನೊಂದರು. 1830ರಲ್ಲಿ ನಮ್ಮ ಮಲೆನಾಡಿನ ನಗರ ಸೀಮೆಯ ರೈತರು ದಂಗೆ ಎದ್ದರು. 1831ರಲ್ಲಿ ಕುಂಪಣಿಯವರು ಆಡಳಿತವನ್ನೇ ಅರಸರ ಕೈಯಿಂದ ತಕ್ಕೊಂಡರು.

ಪ್ರಿಯರೇ, ಮತ್ತೊಬ್ಬನ ಸೊತ್ತನ್ನು ಹನ್ನೆರಡು ವರುಷ ಕಾದು ಹೆಚ್ಚಿಸಿ ಒಪ್ಪಿಸಿದ ಮನೆವಾರ್ತೆಯವನನ್ನು ನಾವು ಹೊಗಳತಕ್ಕದ್ದು. ಆದರೂ ತುಂಬಿದ ಬೊಕ್ಕಸವು ಬಡವರನ್ನು ಕಾಯಲಿಲ್ಲವೆಂಬದನ್ನು ಮರೆಯಬಾರದು. ನಮ್ಮ ಚಿಕ್ಕ ಸಭೆಗಳಲ್ಲಿಯೂ ಕಾಣಿಕೆಯ ಪೆಟ್ಟಿಗೆಯನ್ನು ಇಟ್ಟುಕೊಂಡವನೇ ಅದರ ವಿಷಯವಾದ ದೂರನ್ನು ತೀರಿಸಬಾರದು. ಲೆಕ್ಕವು ಒಬ್ಬನ ಕೈಯಲ್ಲಿಯೂ, ವಿಚಾರಣೆಯು ಹಿರಿಯರ ಕೈಯಲ್ಲಿಯೂ ಇರಲಿ. ಪೂರ್ಣಯ್ಯನು ಲೆಕ್ಕ ಒಪ್ಪಿಸಿದ್ದು ಅರಸನಿಗೆ. ನಾವೋ ಎಲ್ಲಾ ಅರಸರಿಗೂ ಒಡೆಯನಾದ ಕರ್ತನಿಗೆ ಒಪ್ಪಿಸಬೇಕಾದವರು.