ಪುಟಾಣಿಗಳ ಪರ ನಿಂತ ವೈದ್ಯ: ಡಾ. ಜೆರೋಮ್ ಲೆಜೂನ್

ಬಸುರಿನ ಮೂರನೆಯ ತಿಂಗಳಲ್ಲಿ ಒಂದು ಸ್ಕ್ಯಾನ್, ಒಂದು ರಕ್ತಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ವೈದ್ಯರು ಚೀಟಿ ಬರೆದುಕೊಡುವುದು ಇಂದು ನಮ್ಮ ಊರುಗಳಲ್ಲೂ ವಾಡಿಕೆಯಾಗಿದೆ. ಎನ್‌ಟಿ ಸ್ಕ್ಯಾನ್, ಡಬಲ್ ಮಾರ್ಕರ್ ಎಂಬ ಹೆಸರುಗಳನ್ನು ನಮ್ಮ ತಾಯಂದಿರು ಕೇಳಿಯೇ ಇದ್ದಾರೆ. ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್ ಇರುವ ಸಂಭವ ಎಷ್ಟು ಎಂದು ಲೆಕ್ಕಹಾಕುವುದು ಈ ಪರೀಕ್ಷೆಗಳ ಮುಖ್ಯ ಉದ್ದೇಶ. ಇವುಗಳ ಮೂಲ ಹುಡುಕುತ್ತಾ ಹೋದರೆ ಪ್ಯಾರಿಸ್ ನಗರದ ಒಬ್ಬ ಕಥೋಲಿಕ ವೈದ್ಯರ ಹೆಸರು ಸಿಗುತ್ತದೆ. ಮಕ್ಕಳ ಒಳಿತಿಗೆಂದು ಕಂಡ ಸತ್ಯವನ್ನೇ ಜಗತ್ತು ಆ ಮಕ್ಕಳ ವಿರುದ್ಧ ತಿರುಗಿಸಿದಾಗ ಅವರ ಪರವಾಗಿ ನಿಂತು, ಅದಕ್ಕೆ ತಕ್ಕ ಬೆಲೆ ತೆತ್ತವರು ಅವರು. ಅವರೇ ಡಾ. ಜೆರೋಮ್ ಲೆಜೂನ್.

ಲೆಜೂನರು 1926ರ ಜೂನ್ 13ರಂದು ಪ್ಯಾರಿಸ್ಸಿನ ಪಕ್ಕದ ಮೋಂತ್ರೂಜ್ ಎಂಬಲ್ಲಿ ಜನಿಸಿದರು. ವೈದ್ಯಶಾಸ್ತ್ರ ಓದಿ, ಮಕ್ಕಳ ವೈದ್ಯರಾಗಿದ್ದ ಪ್ರೊಫೆಸರ್ ರೇಮೊಂ ತ್ಯುರ್ಪ್ಯಾಂ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. 1952ರಲ್ಲಿ ಡೆನ್ಮಾರ್ಕ್ ದೇಶದ ಬಿರ್ಟೆ ಎಂಬವರನ್ನು ಮದುವೆಯಾದರು. ದೇವರು ಅವರಿಗೆ ಐದು ಮಂದಿ ಮಕ್ಕಳನ್ನು ಕೊಟ್ಟರು.

ಆ ಕಾಲದಲ್ಲಿ ಡೌನ್ ಸಿಂಡ್ರೋಮ್ ಇರುವ ಮಗು ಹುಟ್ಟಿತೆಂದರೆ ಮನೆಗೆ ಕವಿಯುತ್ತಿದ್ದ ದುಃಖಕ್ಕೆ ನಾಚಿಕೆಯೂ ಜೊತೆಯಾಗುತ್ತಿತ್ತು. 1866ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್ಡನ್ ಡೌನ್ ಇದರ ಲಕ್ಷಣಗಳನ್ನು ಬರೆದಿಟ್ಟಿದ್ದರೂ ಕಾರಣ ಯಾರಿಗೂ ಗೊತ್ತಿರಲಿಲ್ಲ. ತಂದೆಯ ಕುಡಿತವೋ, ಪೋಷಕರ ಕೆಟ್ಟ ನಡತೆಯಿಂದ ಬಂದ ಗುಹ್ಯರೋಗವೋ ಎಂದು ಜನ ಪಿಸುಗುಟ್ಟುತ್ತಿದ್ದರು. ಎಷ್ಟೋ ಮನೆಗಳಲ್ಲಿ ಅಂಥ ಮಗುವನ್ನು ಬಂದವರ ಕಣ್ಣಿಗೆ ಬೀಳದಂತೆ ಬಚ್ಚಿಡುತ್ತಿದ್ದರು.

ಮನುಷ್ಯನ ಪ್ರತಿಯೊಂದು ಜೀವಕೋಶದಲ್ಲಿ 46 ಕ್ರೋಮೋಸೋಮುಗಳಿವೆ ಎಂಬುದು ಖಚಿತವಾದದ್ದೇ 1956ರಲ್ಲಿ. ಇದಾದ ನಂತರ ತ್ಯುರ್ಪ್ಯಾಂ ಅವರ ತಂಡ ಡೌನ್ ಸಿಂಡ್ರೋಮ್ ಇರುವ ಮಕ್ಕಳ ಜೀವಕೋಶಗಳನ್ನು ಪರೀಕ್ಷಿಸತೊಡಗಿತು. ಅಮೆರಿಕದಲ್ಲಿ ಜೀವಕೋಶಗಳನ್ನು ಬೆಳೆಸುವ ವಿದ್ಯೆ ಕಲಿತು ಬಂದಿದ್ದ ಡಾ. ಮಾರ್ಥ್ ಗೋತಿಯೇ ಎಂಬ ಮಹಿಳೆ ಆ ಪ್ರಯೋಗಾಲಯವನ್ನು ಕಟ್ಟಿದರು. 46ರ ಬದಲು 47 ಕಾಣಿಸಿತು. ಜೋಡಿಯಾಗಿರಬೇಕಾದ 21ನೆಯ ಕ್ರೋಮೋಸೋಮ್ ಮೂರಾಗಿತ್ತು. 1959ರ ಜನವರಿಯಲ್ಲಿ ಲೆಜೂನ್, ಗೋತಿಯೇ, ತ್ಯುರ್ಪ್ಯಾಂ ಈ ಮೂವರ ಹೆಸರಿನಲ್ಲಿ ಈ ವಿಷಯ ಪ್ರಕಟವಾಯಿತು. ಕೀರ್ತಿಯ ದೊಡ್ಡ ಪಾಲು ಲೆಜೂನರಿಗೆ ಹೋಯಿತೆಂದು ಗೋತಿಯೇ ಮುಂದೆ ನೋವು ತೋಡಿಕೊಂಡರು. ಅವರ ಮತ್ತು ತ್ಯುರ್ಪ್ಯಾಂ ಅವರ ಪಾಲಿಲ್ಲದೆ ಈ ಶೋಧ ಆಗುತ್ತಿರಲಿಲ್ಲವೆಂದು ಫ್ರಾನ್ಸಿನ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನೀತಿ ಸಮಿತಿ 2014ರಲ್ಲಿ ಅಭಿಪ್ರಾಯಪಟ್ಟಿತು. ಸಲ್ಲಬೇಕಾದವರಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು.

ತಂದೆತಾಯಿಗಳಿಗಂತೂ ಈ ಶೋಧದಿಂದ ದೊಡ್ಡ ಬಿಡುಗಡೆ ಸಿಕ್ಕಿತು. ಇದರಲ್ಲಿ ಯಾರ ಪಾಪವೂ ಇಲ್ಲ, ಯಾರ ತಪ್ಪೂ ಇಲ್ಲ ಎಂದು ವೈದ್ಯರು ಈಗ ಧೈರ್ಯವಾಗಿ ಹೇಳಬಹುದಿತ್ತು. 1964ರಲ್ಲಿ ಲೆಜೂನರು ಪ್ಯಾರಿಸ್ಸಿನ ವೈದ್ಯಕೀಯ ವಿದ್ಯಾಲಯದಲ್ಲಿ ತಳಿಶಾಸ್ತ್ರದ ಪ್ರಾಧ್ಯಾಪಕರಾದರು. ನೆಕ್ಕೇರ್ ಮಕ್ಕಳ ಆಸ್ಪತ್ರೆಯಲ್ಲಿ ಅವರನ್ನು ಕಾಣಲು ಸಾವಿರಾರು ಕುಟುಂಬಗಳು ಬಂದವು. ಅವರು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಿದ್ದರು, ತಾಯಂದಿರ ಮಾತನ್ನು ಆತುರವಿಲ್ಲದೆ ಕೇಳುತ್ತಿದ್ದರು. ಕಾರಣ ತಿಳಿಯಿತು, ಇನ್ನು ಮದ್ದು ಹುಡುಕಬೇಕು ಎಂಬುದೊಂದೇ ಅವರ ಹಂಬಲವಾಗಿತ್ತು.

ಜಗತ್ತು ಬೇರೆಯೇ ದಾರಿ ಹಿಡಿಯಿತು. 1960ರ ದಶಕದ ಕೊನೆಯಲ್ಲಿ ಗರ್ಭಕೋಶದಿಂದ ಸೂಜಿಯ ಮೂಲಕ ನೀರು ತೆಗೆದು, ಅದರಲ್ಲಿರುವ ಶಿಶುವಿನ ಜೀವಕೋಶಗಳ ಕ್ರೋಮೋಸೋಮ್ ಎಣಿಸುವುದು ಸಾಧ್ಯವಾಯಿತು. ಮದ್ದು ಇನ್ನೂ ಸಿಕ್ಕಿರಲಿಲ್ಲ. ಹಾಗಾಗಿ ಪರೀಕ್ಷೆಯಲ್ಲಿ ಗೊತ್ತಾದ ಮಗುವನ್ನು ಗರ್ಭಪಾತದಿಂದ ಇಲ್ಲವಾಗಿಸಬೇಕೆಂಬ ಮಾತು ಕೇಳಿಬಂತು. ರೋಗವನ್ನು ಗೆಲ್ಲಲಾಗದೆ ರೋಗಿಯನ್ನೇ ಕೊಲ್ಲುವುದು ವೈದ್ಯಧರ್ಮವಲ್ಲ ಎಂಬುದು ಲೆಜೂನರ ನಿಲುವಾಗಿತ್ತು.

1969ರಲ್ಲಿ ಅಮೆರಿಕದ ತಳಿವಿಜ್ಞಾನಿಗಳು ಅವರಿಗೆ ತಮ್ಮ ಅತ್ಯುನ್ನತ ಗೌರವವಾದ ವಿಲಿಯಂ ಆಲನ್ ಪ್ರಶಸ್ತಿಯನ್ನು ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೋದ ಆ ಸಭೆಯಲ್ಲಿ ಧನ್ಯವಾದ ಹೇಳಿ ಕುಳಿತುಕೊಳ್ಳಬಹುದಿತ್ತು. ಲೆಜೂನರು ಮಾತ್ರ, ಗರ್ಭಧಾರಣೆಯ ಕ್ಷಣದಿಂದಲೇ ಶಿಶು ಮಾನವಜೀವಿ, ಅದನ್ನು ಕೊಲ್ಲಲು ನಮ್ಮ ವಿಜ್ಞಾನ ಬಳಕೆಯಾಗಬಾರದು ಎಂಬುದನ್ನು ಸ್ಪಷ್ಟವಾಗಿ ಸಾರಿದರು. ಸಭೆ ತಣ್ಣಗಾಯಿತು. ನೊಬೆಲ್ ಪ್ರಶಸ್ತಿ ಅಂದೇ ಕೈತಪ್ಪಿತೆಂದು ಅವರು ಹೆಂಡತಿಗೆ ಬರೆದರೆಂದು ಮನೆಯವರು ನೆನೆಯುತ್ತಾರೆ.

ಮರುವರ್ಷ ಫ್ರಾನ್ಸಿನ ಸಂಸತ್ತಿನ ಮುಂದೆ ಒಂದು ಮಸೂದೆ ಬಂತು. ಗರ್ಭದಲ್ಲಿರುವ ಅಂಗವಿಕಲ ಶಿಶುಗಳ ಗರ್ಭಪಾತಕ್ಕೆ ಒಪ್ಪಿಗೆ ಕೊಡುವ ಮಸೂದೆ ಅದು. ದೂರದರ್ಶನದಲ್ಲಿ ಅದರ ಚರ್ಚೆ ನೋಡಿದ ಡೌನ್ ಸಿಂಡ್ರೋಮಿನ ಹುಡುಗನೊಬ್ಬ ಮರುದಿನ ಆಸ್ಪತ್ರೆಗೆ ಬಂದು ಲೆಜೂನರ ಕೊರಳಿಗೆ ಜೋತುಬಿದ್ದನಂತೆ. ತಮ್ಮಂಥವರನ್ನು ಕೊಲ್ಲಲು ಹೊರಟಿದ್ದಾರೆ, ತಮಗೆ ಕಾದಾಡಲು ಬಲವಿಲ್ಲ, ನೀವೇ ಕಾಪಾಡಬೇಕು ಎಂದು ಬೇಡಿಕೊಂಡನಂತೆ. ಅವರ ಮಗಳು ಬರೆದ ಜೀವನಚರಿತ್ರೆಯಲ್ಲಿ ಈ ಸಂಗತಿಯಿದೆ. ಅಂದಿನಿಂದ ಲೆಜೂನರು ಸುಮ್ಮನೆ ಕೂರಲಿಲ್ಲ. ಊರೂರು ತಿರುಗಿ ಮಾತನಾಡಿದರು. ಗೋಡೆಗಳ ಮೇಲೆ ಅವರ ವಿರುದ್ಧ ಬರಹಗಳು ಕಾಣಿಸಿಕೊಂಡವು, ಸಭೆಗಳಲ್ಲಿ ಗದ್ದಲವಾಯಿತು, ಸಂಶೋಧನೆಗೆ ಬರುತ್ತಿದ್ದ ಹಣವೂ ಬತ್ತಿತು. 1975ರಲ್ಲಿ ಫ್ರಾನ್ಸಿನಲ್ಲಿ ಗರ್ಭಪಾತದ ಕಾನೂನು ಬಂದೇ ಬಂತು. ಆದರೂ ಅವರ ನಾಲಗೆಯಲ್ಲಿ ಕಹಿ ಇರಲಿಲ್ಲ. ತಪ್ಪನ್ನು ವಿರೋಧಿಸುತ್ತಿದ್ದರು, ಮನುಷ್ಯರನ್ನು ದ್ವೇಷಿಸುತ್ತಿರಲಿಲ್ಲ.

ಜಗದ್ಗುರು ಎರಡನೆಯ ಜಾನ್ ಪೌಲರು ಅವರನ್ನು ಆಪ್ತ ಸ್ನೇಹಿತರಂತೆ ಕಂಡರು. 1981ರ ಮೇ 13ರಂದು ಲೆಜೂನ್ ದಂಪತಿ ಮಧ್ಯಾಹ್ನದ ಊಟ ಮಾಡಿದ್ದು ಜಗದ್ಗುರುಗಳ ಜೊತೆಗೆ. ಅದೇ ಸಂಜೆ ಸಂತ ಪೇತ್ರರ ಚೌಕದಲ್ಲಿ ಜಗದ್ಗುರುಗಳ ಮೇಲೆ ಗುಂಡು ಹಾರಿತು. 1994ರಲ್ಲಿ ಜೀವಪರ ಪೊಂತಿಫಿಕಲ್ ಅಕಾಡೆಮಿ ಸ್ಥಾಪನೆಯಾದಾಗ ಲೆಜೂನರೇ ಅದರ ಮೊದಲ ಅಧ್ಯಕ್ಷರಾದರು. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಣ್ಣು ಮಾಡಿತ್ತು. ಮಕ್ಕಳಿಗೆ ಮದ್ದು ಹುಡುಕುವ ಮೊದಲೇ ಅವರನ್ನು ಕೈಬಿಟ್ಟು ಹೋಗುತ್ತಿದ್ದೇನಲ್ಲ ಎಂದು ಕೊನೆಯ ದಿನಗಳಲ್ಲಿ ಕೊರಗಿದರು. ಏಪ್ರಿಲ್ 3ರಂದು, ಪ್ರಭುವಿನ ಪುನರುತ್ಥಾನದ ಭಾನುವಾರ, ಕಣ್ಮುಚ್ಚಿದರು. 1997ರಲ್ಲಿ ವಿಶ್ವ ಯುವಜನ ದಿನಕ್ಕೆ ಪ್ಯಾರಿಸ್ಸಿಗೆ ಬಂದ ಜಗದ್ಗುರುಗಳು ಅವರ ಸಮಾಧಿಗೆ ಹೋಗಿ ಪ್ರಾರ್ಥಿಸಿದರು. 2021ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಅವರು ಲೆಜೂನರ ಸದ್ಗುಣಗಳನ್ನು ವೀರೋಚಿತವೆಂದು ಮಾನ್ಯ ಮಾಡಿ ಅವರಿಗೆ ಪೂಜನೀಯ ಪದವಿ ನೀಡಿದರು.

ಪ್ರಿಯ ಓದುಗರೇ, ಈ ಬದುಕಿನಿಂದ ನಮ್ಮ ಕುಟುಂಬಗಳು ಕಲಿಯುವುದೇನು? ಪರೀಕ್ಷೆ ತನ್ನಷ್ಟಕ್ಕೆ ಪಾಪವಲ್ಲ. ತಾಯಿ ಮಗುವಿನ ಜೀವವನ್ನು ಗೌರವಿಸಿ, ಅದನ್ನು ಕಾಪಾಡಲು ಇಲ್ಲವೇ ಗುಣಪಡಿಸಲು ಮಾಡುವ ಪರೀಕ್ಷೆಗೆ ಅಡ್ಡಿಯಿಲ್ಲವೆಂದು ಧರ್ಮಸಭೆ 1987ರಲ್ಲೇ ತಿಳಿಸಿದೆ. ಮಗುವಿನ ಹೃದಯದಲ್ಲಿ ದೋಷವಿದೆಯೆಂದು ಮೊದಲೇ ಗೊತ್ತಾದರೆ ಹೆರಿಗೆಗೆ ತಕ್ಕ ಆಸ್ಪತ್ರೆಯನ್ನು ನೋಡಿಕೊಳ್ಳಬಹುದು. ಕೊಲ್ಲುವುದಕ್ಕೆಂದೇ ಹುಡುಕುವುದು ಮಾತ್ರ ಮಹಾಪಾಪ. ಇಂಥ ತಂತ್ರಗಳಿಂದಲೇ ಹೆಣ್ಣುಶಿಶುಗಳನ್ನು ಹುಡುಕಿ ಇಲ್ಲವಾಗಿಸುವುದನ್ನು ಕಂಡು ನಮ್ಮ ದೇಶ 1994ರಲ್ಲಿ ಕಾನೂನು ತರಬೇಕಾಯಿತು ಎಂಬುದನ್ನು ಮರೆಯದಿರೋಣ.

ಇನ್ನೊಂದು ಮಾತು. 11ರಿಂದ 14ನೆಯ ವಾರದೊಳಗೆ ಮಾಡುವ ಸ್ಕ್ಯಾನು, ರಕ್ತಪರೀಕ್ಷೆಗಳು ಹೇಳುವುದು ಸಂಭವವನ್ನು ಮಾತ್ರ, ತೀರ್ಪನ್ನಲ್ಲ. ವರದಿಯಲ್ಲಿ 250ಕ್ಕೆ 1 ಎಂದಿದ್ದರೆ, ಅಂಥ 250 ತಾಯಂದಿರಲ್ಲಿ 249 ಮಂದಿಯ ಮಗುವಿಗೆ ಡೌನ್ ಸಿಂಡ್ರೋಮ್ ಇರುವುದಿಲ್ಲ ಎಂದರ್ಥ. 2011ರಿಂದ ಬಳಕೆಗೆ ಬಂದ ಹೊಸ ರಕ್ತಪರೀಕ್ಷೆ ಇವಕ್ಕಿಂತ ನಿಖರವಾದರೂ ಅದೂ ಕೊನೆಯ ಮಾತಲ್ಲ. ಆದ್ದರಿಂದ ವರದಿ ನೋಡಿ ಗಾಬರಿಬಿದ್ದು ನಿರ್ಧಾರ ಮಾಡಬೇಡಿ. ನಿಮ್ಮ ವೈದ್ಯರನ್ನು ಬಿಡಿಸಿ ಕೇಳಿ, ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿ ಮನಬಿಚ್ಚಿ ಮಾತಾಡಿ.

ಆದರೆ ಆ ಒಬ್ಬ ತಾಯಿಯೂ ನಮ್ಮ ನಡುವೆಯೇ ಇರುತ್ತಾಳೆ. ಅವಳಿಗೆ ಉಪದೇಶಕ್ಕಿಂತ ಮೊದಲು ಬೇಕಾದದ್ದು ಆಸರೆ. ಚಿಕಿತ್ಸೆಯ ಖರ್ಚಿಗೆ ನೆರವು, ದೊಡ್ಡ ಮಗುವನ್ನು ನೋಡಿಕೊಳ್ಳಲು ನೆರೆಮನೆಯ ಅಕ್ಕ, ಬಲಿಪೂಜೆಯಲ್ಲಿ ಮಗು ಗದ್ದಲ ಮಾಡಿದರೆ ತಿರುಗಿ ನೋಡಿ ಮುಖ ಸಿಂಡರಿಸದ ಜನ. ಲೆಜೂನರು ತಮ್ಮ ಆಸ್ಪತ್ರೆಯ ಕೋಣೆಯಲ್ಲಿ ಮಾಡಿದ್ದನ್ನು ನಾವು ನಮ್ಮ ಚರ್ಚಿನಂಗಳದಲ್ಲಿ ಮಾಡಿದರೆ, ಮಗುವನ್ನು ಉಳಿಸಿಕೊಳ್ಳುವ ಧೈರ್ಯ ಆ ತಾಯಿಗೆ ಬಂದೀತು. ಪುಟಾಣಿಗಳನ್ನು ತನ್ನ ಬಳಿಗೆ ಕರೆದ ಪ್ರಭು ಯೇಸು ನಮಗೆ ಅಂಥ ಮನಸ್ಸನ್ನು ಕೊಡಲಿ.