ಎಲೀ ಮೆಚ್ನಿಕಾಫ್

ಎಲೀ ಮೆಚ್ನಿಕಾಫ್ (1845–1916) ಪ್ರಾಣಿಶಾಸ್ತ್ರಜ್ಞರು ಹಾಗೂ ರೋಗನಿರೋಧಕ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಅಂದು ರಷ್ಯಾ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿಗೆ ಸೇರಿದ ಖಾರ್ಕಿವ್ ಪ್ರಾಂತದಲ್ಲಿ ಜನಿಸಿ, ಒಡೆಸ್ಸಾದಲ್ಲಿ ಪ್ರಾಧ್ಯಾಪಕರಾಗಿದ್ದರು. ಮೊದಲ ಪತ್ನಿ ಲ್ಯುಡ್ಮಿಲಾ 1873ರಲ್ಲಿ ಕ್ಷಯರೋಗದಿಂದ ತೀರಿಕೊಂಡರು.

ಕೆಳವರ್ಗದ ಪ್ರಾಣಿಗಳು ಆಹಾರವನ್ನು ಜೀವಕೋಶದೊಳಗೇ ಅರಗಿಸಿಕೊಳ್ಳುವ ಬಗೆಯನ್ನು ಮೆಚ್ನಿಕಾಫ್ ಬಹುಕಾಲ ಅಭ್ಯಸಿಸಿದ್ದರು. ಅವರ ಮುಖ್ಯ ಸಿದ್ಧಾಂತ ಹುಟ್ಟಿದ್ದು ಈ ಅಭ್ಯಾಸದಿಂದಲೇ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ ಇರಿಸಿದರು. ಮರುದಿನ ನೋಡಿದಾಗ ಚಲಿಸುವ ಕೋಶಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ಆಹಾರವನ್ನು ಅರಗಿಸುವ ಸಾಮರ್ಥ್ಯವೇ ರೋಗಾಣುಗಳನ್ನು ನಾಶಪಡಿಸುವ ಅಸ್ತ್ರವೂ ಆಗಿರಬೇಕೆಂದು ಅವರು ತರ್ಕಿಸಿದರು. ಇಂತಹ ಕೋಶಗಳಿಗೆ ಭಕ್ಷಕಕೋಶಗಳೆಂಬ ಹೆಸರು ಬಂದಿತು. ನುಂಗಿದ ನೀಲಿ ಲಿಟ್ಮಸ್ ಕಣಗಳು ಕೋಶದೊಳಗೆ ಕೆಂಪಾಗುವುದನ್ನು ತೋರಿಸಿ, ಅಲ್ಲಿ ಆಮ್ಲ ಉಂಟಾಗುತ್ತದೆಂದು ಸಾಧಿಸಿದರು.

ಬಿಳಿ ರಕ್ತಕಣಗಳು ರೋಗಾಣುಗಳನ್ನು ದೇಹದಲ್ಲೆಲ್ಲ ಹರಡುತ್ತವೆಂದು ಅಂದಿನ ಅನೇಕ ವೈದ್ಯರು ನಂಬಿದ್ದರು. ರಕ್ಷಣೆಯ ಗುಣವಿರುವುದು ರಕ್ತದ್ರವದಲ್ಲಿ ಎಂಬುದು ಜರ್ಮನ್ ವಿಜ್ಞಾನಿಗಳ ವಾದ. 1888ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆ ಸೇರಿದ ಮೆಚ್ನಿಕಾಫ್ ದಶಕಗಳ ಕಾಲ ಈ ವಾದವನ್ನು ಎದುರಿಸಿದರು. 1908ರ ನೊಬೆಲ್ ಪ್ರಶಸ್ತಿಯನ್ನು ಅವರಿಗೂ ರಕ್ತದ್ರವದ ಪಕ್ಷದ ಪಾಲ್ ಎರ್ಲಿಕ್ ಅವರಿಗೂ ಹಂಚಲಾಯಿತು. ಎರಡೂ ಪಕ್ಷಗಳಲ್ಲಿ ಸತ್ಯಾಂಶವಿತ್ತು. ಮೊಸರಿನ ಬ್ಯಾಕ್ಟೀರಿಯಾದಿಂದ ಆಯುಸ್ಸು ಹೆಚ್ಚುತ್ತದೆಂಬ ಅವರ ನಂಬಿಕೆಗೆ ಮಾತ್ರ ಅಷ್ಟು ಗಟ್ಟಿಯಾದ ಆಧಾರವಿರಲಿಲ್ಲ.

ಭಕ್ಷಕಕೋಶಗಳು ಬ್ಯಾಕ್ಟೀರಿಯಾಗಳನ್ನು ನುಂಗುವಾಗ ಹೆಚ್ಚು ಆಮ್ಲಜನಕ ಬಳಸುತ್ತವೆಂದು 1933ರಲ್ಲಿ ಬಾಲ್ಡ್ರಿಜ್ ಮತ್ತು ಜೆರಾರ್ಡ್ ಕಂಡುಕೊಂಡರು. ನುಂಗುವ ಕ್ರಿಯೆಗೆ ಬೇಕಾದ ಶಕ್ತಿ ಮುಖ್ಯವಾಗಿ ಗ್ಲೂಕೋಸಿನ ವಿಭಜನೆಯಿಂದ ದೊರೆಯುತ್ತದೆ. ಹೆಚ್ಚುವರಿ ಆಮ್ಲಜನಕ ರೋಗಾಣುಗಳನ್ನು ಕೊಲ್ಲುವ ರಾಸಾಯನಿಕಗಳ ತಯಾರಿಕೆಗೆ ಬಳಕೆಯಾಗುತ್ತದೆ ಎಂಬುದು ಅನಂತರ ತಿಳಿಯಿತು. ಇದನ್ನು ನೋಡಲು ಮೆಚ್ನಿಕಾಫ್ ಇರಲಿಲ್ಲ. 1916ರ ಜುಲೈನಲ್ಲಿ ಪ್ಯಾರಿಸಿನಲ್ಲಿ ನಿಧನರಾದ ಅವರ ಚಿತಾಭಸ್ಮವನ್ನು ಪಾಶ್ಚರ್ ಸಂಸ್ಥೆಯ ಗ್ರಂಥಾಲಯದಲ್ಲಿ ಇರಿಸಲಾಗಿದೆ.